ಬಿಟ್ಟಿ ವಂಕಿ

ಗಂಡ ಬಂದು ಹೋದದ್ದು ಬೀದಿಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಎಲ್ಲರೂ ಮಲಗಿದ ಮೇಲೆ ಬಂದ, ಬೆಳಕು ಹರಿಯುವ ಮುಂಚೆ ಲಾರಿ ಹತ್ತಿ ಹೋದ. ಬಾಗಿಲ ಹಿಂದೆ ಒಂದು ಒದ್ದೆ ಟವೆಲ್ಲು ಉಳಿಯಿತು. ಗಂಜಿಯ ಹೊಟ್ಟೆಯಲ್ಲಿ ಒಂದು ಭಯ ಉಳಿಯಿತು.

ಗಂಜಿ ಅನ್ನುವುದು ಅವಳ ಹೆಸರಲ್ಲ. ಲಾಂಡ್ರಿಯ ಹೆಂಗಸರು ಇಟ್ಟದ್ದು. ಬಟ್ಟೆಗೆ ಹಾಕುವ ಗಂಜಿ ಇದೆಯಲ್ಲ, ಅದರಲ್ಲಿ ಅದ್ದಿ ತೆಗೆದವಳ ಹಾಗೆ ಬಿಗಿಯಾಗಿ ನಿಲ್ಲುತ್ತಾಳೆ ಅಂತ. ನಗುವುದು ಕಮ್ಮಿ, ಯಾರ ಮುಂದೂ ಹಲ್ಲು ಗಿಂಜುವುದು ಇನ್ನೂ ಕಮ್ಮಿ.

ಮಗಳು ಹುಟ್ಟಿದಾಗ ಅವಳಿಗೆ ರಕ್ತ ನಿಂತಿರಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಾಗ ಡಾಕ್ಟರು ಮಂಚದ ಪಕ್ಕ ನಿಂತು, ಗಂಡನಿಗೂ ಕೇಳಿಸುವ ಹಾಗೆ ಹೇಳಿದ್ದರು, ಇನ್ನೊಂದು ಆದರೆ ಈಕೆ ಉಳಿಯುವುದು ಕಷ್ಟ. ಗಂಡ ತಲೆ ಆಡಿಸಿದ. ಆಪರೇಷನ್ ನಾನೇ ಮಾಡಿಸ್ಕೋತೀನಿ ಅಂದ. ಮುಂದಿನ ಟ್ರಿಪ್ಪು ಮುಗಿಸಿ ಬಂದು ಮಾಡಿಸ್ಕೋತೀನಿ ಅಂದ. ಮಗಳು ಅಜ್ಜಿಯ ಮನೆಯಲ್ಲಿ ಬೆಳೆದು ಶಾಲೆಗೆ ಹೋಗುತ್ತಿದ್ದಾಳೆ. ಅವನ ಮುಂದಿನ ಟ್ರಿಪ್ಪು ಇನ್ನೂ ಮುಗಿದಿಲ್ಲ.

ಅವನು ಈ ಸಲ ಬಂದ ರಾತ್ರಿಯೂ ಅವಳು ಕೇಳಿದ್ದಳು. "ಏನಾದ್ರೂ ತಂದಿದ್ದೀರಾ?"

"ಅಂಗಡಿ ಮುಚ್ಚಿತ್ತು ಕಣೇ. ಒಂದು ಸಲಕ್ಕೆ ಏನಾಗಲ್ಲ ಬಿಡು."

ಒಂದು ಸಲಕ್ಕೆ ಏನಾಗಲ್ಲವಂತೆ! ಈ ಮಾತು ಆಡಿದ ಗಂಡಸರಿಗೆಲ್ಲ ಒಂದು ಸಲ ಬಸಿರು ನಿಲ್ಲುವಂತಿದ್ದರೆ ಔಷಧಿ ಅಂಗಡಿಗಳು ಬಾಗಿಲನ್ನೇ ಹಾಕುತ್ತಿರಲಿಲ್ಲ. ಅವನು ಕೆಟ್ಟವನಲ್ಲ, ಹೊಡೆಯುವವನಲ್ಲ, ಬರುವಾಗ ಅವಳಿಗೆ ಒಂದು ಕ್ಲಿಪ್ಪೋ ಬಳೆಯೋ ತರುವವನು. ಸಾಯುವವಳು ತಾನಲ್ಲ ಅನ್ನುವುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತು.

ಗಂಜಿ ಮುಖ ತೊಳೆದು ಕೆಲಸಕ್ಕೆ ಹೋದಳು.

ಅದು ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ. ತಗಡಿನ ಮಾಡು, ಎತ್ತರದಲ್ಲಿ ಸಣ್ಣ ಕಿಟಕಿಗಳು. ಒಂದು ಕಡೆ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಇಸ್ತ್ರಿ ಉರುಳೆಗಳು. ಕಾದ ಉರುಳೆಯ ಮುಂದೆ ಇಬ್ಬರು ಹೆಂಗಸರು ನಿಲ್ಲಬೇಕು. ಒದ್ದೆ ಬೆಡ್‌ಶೀಟಿನ ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು, ಒದರಿ, ಎಳೆದು, ಸುಕ್ಕು ಬಿಡಿಸಿ ಉರುಳೆಯ ಬಾಯಿಗೆ ಕೊಡಬೇಕು. ಇಬ್ಬರ ಕೈ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ಇದಕ್ಕೆ ಜೋಡಿ ಅನ್ನುತ್ತಾರೆ. ಬೆಳಗಿನಿಂದ ಕತ್ತಲಾಗುವವರೆಗೆ ನಿಂತರೆ ಹಿಮ್ಮಡಿಯಲ್ಲಿ ಮೊಳೆ ಹೊಡೆದ ಹಾಗೆ ಆಗುತ್ತದೆ. ಉಗಿಗೆ ಬೆರಳಿನ ಚರ್ಮ ಸುಲಿಯುತ್ತದೆ. ಮುಂಗೈ ಮೇಲೆ ಸುಟ್ಟ ಗೆರೆ ಇಲ್ಲದ ಹೆಂಗಸು ಅಲ್ಲಿ ಒಬ್ಬಳೂ ಇಲ್ಲ.

ಜೋಡಿಗೆ ಸಂಬಳವೂ ಒಟ್ಟಿಗೇ. ಒಬ್ಬಳು ಬಾರದಿದ್ದರೆ ಉರುಳೆ ನಿಲ್ಲುತ್ತದೆ, ಇನ್ನೊಬ್ಬಳ ಕೂಲಿಯೂ ಹೋಗುತ್ತದೆ. ಮಾಲೀಕರು ಎಂಥಾ ಬುದ್ಧಿವಂತರು ನೋಡಿ. ಕಾವಲುಗಾರನ ಸಂಬಳ ಉಳಿಯಿತು, ಒಬ್ಬಳಿಗೆ ಇನ್ನೊಬ್ಬಳೇ ಕಾವಲು.

ಗಂಜಿಯ ಜೋಡಿ ಅವಳಿಗಿಂತ ದೊಡ್ಡವಳು. ಗಂಜಿ ಅವಳನ್ನು ಅಕ್ಕ ಅನ್ನುತ್ತಿದ್ದಳು. ಉರುಳೆಯ ಮುಂದೆ ಬಾಯಿ ಬಿಟ್ಟು ಕೂಗಿದರೂ ಪಕ್ಕದವಳಿಗೆ ಕೇಳಿಸುವುದಿಲ್ಲ, ಅಷ್ಟು ಗದ್ದಲ. ಅದಕ್ಕೇ ಅಲ್ಲಿಯ ಹೆಂಗಸರು ತುಟಿಯಲ್ಲೇ ಮಾತಾಡುತ್ತಾರೆ. ದನಿ ಇಲ್ಲ, ಬರೀ ತುಟಿ. ಅತ್ತೆಯ ಜಗಳ, ಮಕ್ಕಳ ಜ್ವರ, ಮೇಸ್ತ್ರಿಯ ಹೊಟ್ಟೆಯ ಸುತ್ತಳತೆ, ಎಲ್ಲವೂ ತುಟಿಯಲ್ಲೇ ಆಗುತ್ತದೆ. ಎಡವಟ್ಟೂ ಆಗುತ್ತದೆ. ಒಮ್ಮೆ ಒಬ್ಬಳು ನಮ್ಮ ಮಾವ ಹೋಗಿಬಿಟ್ಟರು ಅಂದಳು. ಅವಳ ಜೋಡಿ ಅದನ್ನು ಭಾವ ಅಂತ ಓದಿಕೊಂಡು ಗೋಳೋ ಅಂತ ಅತ್ತಳು. ಸಂಜೆ ಆ ಭಾವನೇ ಸೈಕಲ್ಲು ತುಳಿದುಕೊಂಡು ಗೇಟಿಗೆ ಬಂದಾಗ ಇವಳು ಕಿರುಚಿ ಓಡಿದ್ದನ್ನು ಯಾರೂ ಇನ್ನೂ ಮರೆತಿಲ್ಲ. ತುಟಿ ನೋಡಿದರೆ ಎರಡೂ ಒಂದೇ ತಾನೆ.

ಗುಟ್ಟು ಹೇಳಲು ಅಲ್ಲಿ ಆ ಗದ್ದಲ ಬಿಟ್ಟರೆ ಬೇರೆ ಜಾಗವಿಲ್ಲ. ಊಟದ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ, ಉಸಿರು ಬಿಟ್ಟರೂ ಕೇಳಿಸುತ್ತದೆ. ಗೇಟು ದಾಟಿದರೆ ಅಕ್ಕನ ಬಸ್ಸು ಆ ಕಡೆ, ಇವಳ ದಾರಿ ಈ ಕಡೆ. ಹಾಗಾಗಿ ಗಂಜಿ ಶೀಟು ಒದರುತ್ತಲೇ ಅಕ್ಕನ ಕಡೆ ತಿರುಗಿದಳು. ಅಕ್ಕನ ದಾರಿಯಲ್ಲಿ ಒಂದು ಔಷಧಿ ಅಂಗಡಿ ಇದೆ, ಅಲ್ಲಿ ಬಸಿರು ನಿಲ್ಲದಂತೆ ಆಮೇಲೆ ನುಂಗುವ ಮಾತ್ರೆಯನ್ನು ಹಿಂದೆಮುಂದೆ ಕೇಳದೆ ಕೊಡುತ್ತಾರೆ ಅಂತ ಅಕ್ಕನೇ ಯಾವತ್ತೋ ಹೇಳಿದ್ದಳು.

"ಅಕ್ಕಾ, ನಂಗೊಂದು ಮಾತ್ರೆ ಬೇಕು," ಅಂದಳು ಗಂಜಿ, ತುಟಿಯಲ್ಲಿ. "ನೀನು ಹೇಳಿದ್ಯಲ್ಲ, ನಿಮ್ಮ ದಾರಿಲಿ ಸಿಗುತ್ತೆ ಅಂತ, ಅದು. ಯಾರಿಗೂ ಹೇಳ್ಬೇಡ."

ಯಾವ ಮಾತ್ರೆ ಅಂತ ಬಿಡಿಸಿ ಹೇಳಲು ತುಟಿಗೂ ನಾಚಿಕೆಯಾಯಿತು. ಒದ್ದೆ ಶೀಟಿನ ಮರೆಯಲ್ಲಿ ನೋಟು ಕೊಟ್ಟಳು. ಅಕ್ಕ ಕಣ್ಣು ಮಿಟುಕಿಸಿ ನೋಟನ್ನು ಸೆರಗಿಗೆ ಕಟ್ಟಿಕೊಂಡಳು. ಗಂಜಿಯ ಜೀವ ಅರ್ಧ ಹಗುರಾಯಿತು. ಮನೆಗೆ ಬಂದು, ಒಬ್ಬಳೇ ಉಂಡು, ಒಬ್ಬಳೇ ಮಲಗಿದಳು. ಬೆಳಗ್ಗೆ ಸಿಗುತ್ತದೆ, ಸಿಕ್ಕ ತಕ್ಷಣ ನುಂಗಿಬಿಡುತ್ತೇನೆ ಅಂದುಕೊಂಡಳು.

ಮರುದಿನ ಅಕ್ಕ ಬ್ಯಾಗಿನಿಂದ ದೊಡ್ಡದೊಂದು ಗಂಟು ತೆಗೆದಳು. ಹಳೇ ಪೇಪರು ಸುತ್ತಿತ್ತು. ಗಂಜಿ ಮೂಲೆ ಸರಿಸಿ ನೋಡಿದಳು. ಸ್ಟೀಲು ಹೊಳೆಯಿತು.

ಪಾತ್ರೆ.

ದಪ್ಪ ತಳದ್ದು, ಮುಚ್ಚಳ ಬೇರೆ.

"ಹೆಂಗಿದೆ?" ಅಂದಳು ಅಕ್ಕ. ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ, ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿದಳು. "ನಮ್ಮ ದಾರಿಲಿ ಪಾತ್ರೆ ಅಗ್ಗ ಅಂತ ನಾನು ಯಾವಾಗ್ಲೋ ಹೇಳಿದ್ದು ನೆನಪಿಟ್ಕೊಂಡಿದ್ಯಲ್ಲ! ಮುಚ್ಚಳಕ್ಕೆ ಬೇರೆ ದುಡ್ಡು ಅಂದ ಆ ಮುಂಡೇಗಂಡ. ನಾನು ಬಿಡ್ತೀನಾ? ಕೊಟ್ಟ ದುಡ್ಡಲ್ಲೇ ಎರಡೂ ಎಳ್ಕೊಂಡ್ ಬಂದೆ. ಗಂಡಂಗೆ ಗೊತ್ತಾಗ್ಬಾರದು ಅಂತ ತಾನೆ ಯಾರಿಗೂ ಹೇಳ್ಬೇಡ ಅಂದಿದ್ದು? ಗಂಡಸರ ಹತ್ರ ಪಾತ್ರೆ ರೇಟು ಬಾಯಿಬಿಡಬಾರದು ಕಣೇ, ನಂಗೊತ್ತಿಲ್ವಾ!"

ಗಂಜಿಗೆ ನಗು ಬಂತು. ಬಂದ ನಗು ಕಣ್ಣಲ್ಲಿ ನೀರಾಯಿತು. ಅಕ್ಕ ಅದನ್ನು ಖುಷಿ ಅಂದುಕೊಂಡಳು. "ಅಯ್ಯೋ ಹುಚ್ಚಿ, ಒಂದು ಪಾತ್ರೆಗೆ ಅಳ್ತಾರಾ?" ಅಂತ ಬೆನ್ನು ತಟ್ಟಿದಳು. ಅಷ್ಟರಲ್ಲಿ ಮೇಸ್ತ್ರಿ ಸೀಟಿ ಊದಿದ, ಉರುಳೆಗಳು ತಿರುಗತೊಡಗಿದವು. ಇಡೀ ದಿನ ಗಂಜಿ ತುಟಿ ಬಿಚ್ಚಲಿಲ್ಲ. ಹತ್ತಿರದ ಒಬ್ಬಳಿಗೇ ಹೇಳಿ ಹೀಗಾಯಿತು, ಇನ್ನು ಯಾರಿಗೆ ಏನು ಹೇಳುವುದು ಅನ್ನಿಸಿತು. ಶೀಟಿನ ಆ ತುದಿಯಲ್ಲಿ ಅಕ್ಕ ತಾನು ಮಾಡಿದ ಚೌಕಾಸಿ ನೆನೆದು ನಗುತ್ತಲೇ ಇದ್ದಳು.

ಸಂಜೆ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡೇ ಗಂಜಿ ತಾನಿರುವ ಕಟ್ಟಡದ ಕೆಳಗಿನ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನೇ ಮನೆ ಮಾಲೀಕ. ಅದಕ್ಕೇ ಮೊದಲ ದಿನ ಅವಳು ಅಲ್ಲಿಗೆ ಹೋಗದೆ ಇದ್ದದ್ದು. ಮುಂದಿನ ಬೀದಿಯ ಅಂಗಡಿ ಬಾಗಿಲು ಹಾಕಿತ್ತು, ವಿಧಿಯಿರಲಿಲ್ಲ. ಕೆಮ್ಮಿನ ಔಷಧಿಗೆ ಬಂದ ಮುದುಕನೊಬ್ಬ, ಮಗು ಎತ್ತಿಕೊಂಡ ಹೆಂಗಸೊಬ್ಬಳು ಮುಂದೆ ಇದ್ದರು. ಅವರು ಹೋಗಲಿ ಅಂತ ಗಂಜಿ ಪಕ್ಕಕ್ಕೆ ನಿಂತಳು. ಅವರು ಹೋಗಲಿಲ್ಲ.

"ಏನಮ್ಮ?" ಅಂದ ಅಂಗಡಿಯವ.

ಅವಳು ಮೆಲ್ಲಗೆ ಹೇಳಿದಳು. ಅವನಿಗೆ ಕೇಳಿಸಿತು. ಕೇಳಿಸಿದರೂ ಇನ್ನೊಮ್ಮೆ ಕೇಳಿದ.

"ಬಸಿರಾಗದೆ ಇರೋಕಾ? ಯಾರಿಗೆ?"

"ನಂಗೇ."

"ನಿಮ್ಮ ಯಜಮಾನ್ರು ಲಾರಿ ಮೇಲೆ ಹೋಗಿ ತಿಂಗಳಾಯ್ತಲ್ಲ? ಇನ್ನೂ ಬಂದಿಲ್ಲ ತಾನೆ?"

ಮುದುಕ ಕೆಮ್ಮುವುದನ್ನು ನಿಲ್ಲಿಸಿದ. ಹೆಂಗಸು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ ಗಂಜಿಯ ಮುಖ ನೋಡಿದಳು.

"ಮೊನ್ನೆ ರಾತ್ರಿ ಬಂದಿದ್ರು. ಬೆಳಗ್ಗೆ ಹೋದ್ರು."

"ಹೌದಾ? ನಾವ್ಯಾರೂ ನೋಡ್ಲಿಲ್ಲಪ್ಪ."

ನೋಡಲಿಲ್ಲವಂತೆ. ತನ್ನ ಗಂಡ ತನ್ನ ಮನೆಗೆ ಬಂದದ್ದಕ್ಕೆ ಇವಳು ಬೀದಿಯಲ್ಲಿ ಸಾಕ್ಷಿ ಹುಡುಕಬೇಕು. ಗಂಜಿಗೆ ಕಿವಿಯ ತನಕ ಬಿಸಿಯಾಯಿತು. ಆದರೂ ಕಾಲು ಕೀಳಲಿಲ್ಲ. "ಮಾತ್ರೆ ಇದೆಯೋ ಇಲ್ವೋ ಹೇಳಿ," ಅಂದಳು.

ಅವನು ಕಪಾಟು ತಡಕಾಡಿದ. ವ್ಯಾಪಾರದ ಮಾತು ಬಂದ ಕೂಡಲೇ ದನಿ ಸರಿಹೋಯಿತು. "ಅಗ್ಗದ್ದು ಖಾಲಿ. ಇದ್ರೂ ನೀವು ತಡ ಮಾಡಿದ್ದೀರ. ಅದನ್ನ ಎಷ್ಟು ಬೇಗ ನುಂಗಿದ್ರೆ ಅಷ್ಟು ಒಳ್ಳೇದು. ಮೂರು ದಿನದ ಮೇಲೆ ನೆಚ್ಚೋಹಾಗಿಲ್ಲ. ಈ ಇನ್ನೊಂದಿದೆ ನೋಡಿ, ಐದು ದಿನದ ತನಕ ನಡೆಯುತ್ತೆ. ಇದು ದುಬಾರಿ."

ಬೆಲೆ ಹೇಳಿದ. ವಾರವೆಲ್ಲ ಉರುಳೆಯ ಮುಂದೆ ನಿಂತರೆ ಅಷ್ಟು ಸಿಗುತ್ತದೆ. ಅವಳ ಕೈಯಲ್ಲಿ ಪಾತ್ರೆ ಇತ್ತು, ದುಡ್ಡು ಇರಲಿಲ್ಲ.

"ಎಲ್ಲಕ್ಕಿಂತ ಗ್ಯಾರಂಟಿ ಯಾವುದು?"

"ಗ್ಯಾರಂಟಿ ಅಂದ್ರೆ ವಂಕಿನೇ. ಕಾಪರ್-ಟಿ ಅಂತಾರಲ್ಲ, ಅದು. ಐದು ದಿನದೊಳಗೆ ಹಾಕಿಸ್ಕೊಂಡ್ರೆ ಈ ಸಲದ್ದೂ ನಿಲ್ಲಲ್ಲ, ಮುಂದೆ ವರ್ಷಗಟ್ಟಲೆ ಚಿಂತೆ ಇಲ್ಲ. ಗವರ್ನಮೆಂಟ್ ಆಸ್ಪತ್ರೆಲಿ ಬಿಟ್ಟಿ. ಬೆಳಗ್ಗೆ ಹೊತ್ತು ಮಾತ್ರ ಹಾಕೋದು. ನಾಳೆ ಬಿಟ್ರೆ ಆಮೇಲೆ ಎರಡು ದಿನ ರಜಾ ಅವರಿಗೆ."

ರೂಮಿಗೆ ಬಂದು ಗಂಜಿ ಪಾತ್ರೆಯನ್ನು ಗೋಡೆ ಕಡೆ ತಿರುಗಿಸಿಟ್ಟಳು. ಗೋಡೆಗೆ ಒರಗಿ ಕೂತಳು. ಅಗ್ಗದ ಮಾತ್ರೆ ಅಗ್ಗವೇನೋ ಹೌದು, ಆದರೆ ಅವನು ಬಂದಾಗಲೆಲ್ಲ ಬೇಕು, ಪ್ರತಿ ಸಲವೂ ಆ ಮುದುಕನ ಮುಂದೆ, ಆ ಹೆಂಗಸಿನ ಮುಂದೆ ನಿಲ್ಲಬೇಕು. ದುಬಾರಿಯದಕ್ಕೆ ದುಡ್ಡಿಲ್ಲ. ಬಿಟ್ಟಿ ಸಿಗುವ ವಂಕಿಗೆ ಒಂದು ಬೆಳಗ್ಗೆ ಬೇಕು. ಅವಳ ಹತ್ತಿರ ಇಲ್ಲದೆ ಇದ್ದದ್ದು ಆ ಬೆಳಗ್ಗೆಯೇ. ಬೆಳಗ್ಗೆಗಳೆಲ್ಲ ಲಾಂಡ್ರಿಯವರದು. ತೂಗಿ ನೋಡಿ ಹೇಳಲು ಪಕ್ಕದಲ್ಲಿ ಯಾರಾದರೂ ಒಬ್ಬರು ಇದ್ದಿದ್ದರೆ ಅಂತ ಅವಳಿಗೆ ತುಂಬಾ ಅನ್ನಿಸಿತು. ಗಂಡನಿಗೆ ಫೋನು ಮಾಡಿದಳು. ಸಿಗ್ನಲ್ಲು ಇರಲಿಲ್ಲ. ಅಮ್ಮನಿಗೆ ಮಾಡಿದಳು. ಅಮ್ಮ "ಎಲ್ಲಾ ಚೆನ್ನಾಗಿದ್ದೀರಾ?" ಅಂದಳು. ಗಂಜಿ "ಹ್ಞೂಂ" ಅಂದಳು. ಮಗಳು ನಿದ್ದೆ ಹೋಗಿದ್ದಳು.

ಬೆಳಗ್ಗೆ ನೆಟ್ಟಗೆ ಮೇಸ್ತ್ರಿಯ ಮೇಜಿಗೆ ಹೋದಳು.

"ಮೇಸ್ತ್ರಿ, ಅರ್ಧ ದಿನ ರಜಾ ಬೇಕು. ಆಸ್ಪತ್ರೆಗೆ ಹೋಗ್ಬೇಕು."

"ಏನಾಗಿದೆ? ಓಡಾಡ್ಕೊಂಡು ಚೆನ್ನಾಗೇ ಇದ್ದೀಯಲ್ಲ."

"ತುರ್ತು ಇದೆ."

"ತುರ್ತು ಅಂದ್ರೆ ಏನು ಗೊತ್ತಾ ನಿಂಗೆ? ಯಾರಾದ್ರೂ ಸತ್ರೆ ತುರ್ತು. ಬೆಂಕಿ ಬಿದ್ರೆ ತುರ್ತು. ಹೆಂಗಸರ ಸೊಂಟನೋವು ಹೊಟ್ಟೆನೋವಿಗೆಲ್ಲ ಬಿಡ್ತಾ ಹೋದ್ರೆ ನಾನೇ ಸೀರೆ ಉಟ್ಕೊಂಡು ಉರುಳೆ ಮುಂದೆ ನಿಲ್ಬೇಕು. ಏನು ಅಂತ ಬಾಯಿಬಿಟ್ಟು ಹೇಳು, ನೋಡೋಣ."

ಸುತ್ತ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಗಂಜಿಯೂ ತಲೆಗೆ ಬಟ್ಟೆ ಬಿಗಿದಳು. ಮೇಸ್ತ್ರಿ ಹಲ್ಲು ಬಿಟ್ಟು ಅಕ್ಕನ ಕಡೆ ತಿರುಗಿದ. "ನೋಡಮ್ಮ, ನಿನ್ನ ಜೋಡಿ. ಅವಳು ಹೋದ್ರೆ ನಿನ್ನ ಕೂಲಿನೂ ಹೋಯ್ತು. ನೀನು ಬಿಡು ಅಂದ್ರೆ ನಾನು ಬಿಡ್ತೀನಿ. ನನ್ನದೇನಿದೆ?"

ಅಕ್ಕ ಗಂಜಿಯನ್ನು ನೋಡಿದಳು. "ಏನೇ ಇದು? ನಮ್ಮ ಮನೇಲಿ ಅವರು ಕೆಲಸ ಇಲ್ಲದೆ ಕೂತಿರೋದು ಗೊತ್ತಿದ್ದೂ ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲ. ಏನಾಗಿದೆ ಅಂತ ನಂಗೂ ಹೇಳಲ್ಲ ಅಂದ್ರೆ ಹೆಂಗೆ? ಆಗಲ್ಲ ಮೇಸ್ತ್ರಿ. ಬಿಡ್ಬೇಡಿ."

ನಿನಗೇ ಮೊದಲು ಹೇಳಿದ್ದೆನಲ್ಲ ಅಕ್ಕಾ ಅಂತ ಗಂಜಿಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಮೇಸ್ತ್ರಿ ಸೀಟಿ ಊದಿದ.

ಉರುಳೆ ತಿರುಗಿತು. ಆಸ್ಪತ್ರೆಯ ಶೀಟುಗಳ ರಾಶಿ ಬಂತು. ಎತ್ತು, ಒದರು, ಎಳೆ, ಕೊಡು. ಎತ್ತು, ಒದರು, ಎಳೆ, ಕೊಡು. ಹತ್ತಾದವೋ ಇಪ್ಪತ್ತಾದವೋ. ಉಗಿ ಮುಖಕ್ಕೆ ಹೊಡೆಯುತ್ತಿತ್ತು. ಎತ್ತರದ ಕಿಟಕಿಯಲ್ಲಿ ಬಿಸಿಲು ಏರುತ್ತಿತ್ತು. ಆಸ್ಪತ್ರೆಯ ಸಾಲು ಇಷ್ಟು ಹೊತ್ತಿಗೆ ಬಾಗಿಲ ಆಚೆ ಬಂದಿರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಮಂಚದ ಪಕ್ಕ ನಿಂತು ಡಾಕ್ಟರು ಆಡಿದ ಮಾತೂ ಗೊತ್ತಿತ್ತು. ಯಾರಾದರೂ ಸತ್ತರೆ ತುರ್ತಂತೆ. ಸತ್ತ ಮೇಲೆ ಎಂಥಾ ತುರ್ತು? ಸತ್ತವಳು ಆಸ್ಪತ್ರೆಗೆ ಹೋಗಿ ಏನು ಮಾಡುತ್ತಾಳೆ?

ಅವಳು ಕೈ ಬಿಟ್ಟಳು.

ಶೀಟು ಒಂದೇ ಕಡೆಯಿಂದ ಒಳಗೆ ಹೋಯಿತು, ಸೊಟ್ಟಗಾಯಿತು, ಮುರಿಗೆ ಹಾಕಿಕೊಂಡು ಉರುಳೆಗೆ ಸುತ್ತಿಕೊಂಡಿತು. ಸುಟ್ಟ ವಾಸನೆ ಎದ್ದಿತು. ಯಾರೋ ಓಡಿಹೋಗಿ ಸಾಲಿನ ದೊಡ್ಡ ಸ್ವಿಚ್ಚು ಆರಿಸಿದರು. ಒಂದರ ಹಿಂದೆ ಒಂದು ಯಂತ್ರ ನಿಂತು ಆ ಶೆಡ್ಡಿನಲ್ಲಿ ಹಗಲು ಹೊತ್ತು ಎಂದೂ ಇಲ್ಲದ ಮೌನವಾಯಿತು.

"ಏಯ್! ಏನ್ ಮಾಡ್ದೆ?" ಮೇಸ್ತ್ರಿ ಓಡಿಬಂದ.

"ಬಾಯಿಬಿಟ್ಟು ಹೇಳು ಅಂದ್ರಲ್ಲ ಮೇಸ್ತ್ರಿ, ಹೇಳ್ತೀನಿ ಕೇಳಿ." ಗಂಜಿಯ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ತಗಡಿನ ಮಾಡಿಗೆ ಬಡಿದು ವಾಪಸು ಬಂತು. "ನನ್ನ ಗಂಡ ಬಂದು ಹೋಗಿದ್ದಾನೆ. ಬಸಿರಾದ್ರೆ ನಾನು ಸಾಯ್ತೀನಿ ಅಂತ ಡಾಕ್ಟರು ಹೇಳಿದ್ದಾರೆ. ನಾನು ಹೋಗಿ ವಂಕಿ ಹಾಕಿಸ್ಕೋಬೇಕು. ಇವತ್ತೇ ಹಾಕಿಸ್ಕೋಬೇಕು. ಇದು ನನ್ನ ತುರ್ತು."

ಬಾಗಿಲ ಹತ್ತಿರ ಮೂಟೆ ಹೊರುವ ಗಂಡಸರು ನಿಂತಿದ್ದರು. ಒಬ್ಬ ಕಿಸಕ್ಕನೆ ನಕ್ಕ.

"ಥೂ, ನಾಚಿಕೆ ಆಗಲ್ವಾ ನಿಂಗೆ?" ಅಂದ ಮೇಸ್ತ್ರಿ. ಅವನ ಮುಖವೇ ಕೆಂಪಾಗಿತ್ತು.

"ಆಗ್ತಿತ್ತು. ಎರಡು ದಿನ ಜೋಪಾನವಾಗಿ ಇಟ್ಕೊಂಡಿದ್ದೆ. ಇನ್ನು ಇಟ್ಕೊಳ್ಳೋಕೆ ನನ್ನ ಹತ್ರ ಟೈಮಿಲ್ಲ."

"ಗೇಟು ದಾಟಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಗಂಜಿ ತಲೆಯ ಬಟ್ಟೆ ಬಿಚ್ಚಿದಳು. ಒಬ್ಬಳಾದರೂ ಒಂದು ಮಾತು ಆಡುತ್ತಾಳೆ ಅಂದುಕೊಂಡಿದ್ದಳು. ಅಷ್ಟು ಜನ ಹೆಂಗಸರು, ಅಷ್ಟೂ ಜನಕ್ಕೆ ಗಂಡಂದಿರಿದ್ದರು, ಹೊಟ್ಟೆಗಳಿದ್ದವು. ಒಬ್ಬಳೂ ಆಡಲಿಲ್ಲ. ಅವರನ್ನು ಬೈಯುವುದು ಸುಲಭ. ಒಬ್ಬೊಬ್ಬಳ ಕೈಯನ್ನು ಇನ್ನೊಬ್ಬಳ ಕೂಲಿಗೆ ಕಟ್ಟಿಹಾಕಿದ್ದರು. ಅಕ್ಕ ಮಾತ್ರ ತುಟಿ ಅಲ್ಲಾಡಿಸಿದಳು. ಗದ್ದಲ ನಿಂತಿದ್ದರೂ ದನಿ ತೆಗೆಯಲಿಲ್ಲ, ಬರೀ ತುಟಿ. ಅದು ಬಾ ಅಂತಲೋ, ಪಾಪ ಅಂತಲೋ, ಮಾನ ಅಂತಲೋ ಗಂಜಿಗೆ ತಿಳಿಯಲಿಲ್ಲ. ನಿಂತು ಓದುವಷ್ಟು ಪುರುಸೊತ್ತೂ ಇರಲಿಲ್ಲ. ಗೇಟಿನವನು ಚಿಲಕ ತೆಗೆದು, ಅವಳು ದಾಟಿದ ಮೇಲೆ ಮತ್ತೆ ಹಾಕಿಕೊಂಡ.

ಆಸ್ಪತ್ರೆಯವರೆಗೆ ನಡೆದೇ ಹೋದಳು. ಹಗಲು ಹೊತ್ತಿನ ಬೀದಿ ಅವಳಿಗೆ ಗುರುತು ಸಿಗದಂತಿತ್ತು. ಅಂಗಡಿಗಳು ತೆರೆದಿದ್ದವು, ಜನ ಜೊತೆಜೊತೆಯಾಗಿ ಓಡಾಡುತ್ತಿದ್ದರು. ಸಾಲಿನಲ್ಲಿ ನಿಂತಾಗಲೂ ಎಲ್ಲರ ಪಕ್ಕದಲ್ಲಿ ಯಾರೋ ಒಬ್ಬರು ಇದ್ದರು, ಅಮ್ಮನೋ ಅತ್ತಿಗೆಯೋ. ಕೊನೆಗೆ ಅವಳ ಸರದಿ ಬಂತು. ಮೇಜು, ಮೇಲೊಂದು ರಬ್ಬರು ಹಾಳೆ, ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿ. ಸಿಸ್ಟರಿಗೂ ಬೆಳಗ್ಗಿನಿಂದ ನಿಂತು ನಿಂತು ಕಾಲು ಊದಿತ್ತು.

ಎಲ್ಲ ಕೇಳಿದಳು. ಮೇಜು ಹತ್ತಿಸಿ ಹೊಟ್ಟೆ ಒತ್ತಿ ನೋಡಿದಳು. ಆಮೇಲೆ, "ಜೊತೆಗೆ ಯಾರು ಬಂದಿದ್ದಾರೆ?" ಅಂದಳು.

"ಯಾರೂ ಇಲ್ಲ."

"ಗಂಡ?"

"ಲಾರಿ ಮೇಲಿದ್ದಾರೆ."

"ಗಂಡನ ಒಪ್ಪಿಗೆ ಇಲ್ದೆ ಹಾಕಿದ್ರೆ ಆಮೇಲೆ ಬಂದು ನಮ್ಮ ಮೇಲೆ ಕೂಗಾಡ್ತಾರಮ್ಮ. ನಮಗ್ಯಾಕೆ ಇಲ್ಲದ ರಗಳೆ? ಅವರು ಬಂದ ಮೇಲೆ ಕರ್ಕೊಂಡು ಬಾ."

"ಅವರು ಬಂದು ಹೋಗಿದ್ದಕ್ಕೇ ಸಿಸ್ಟರ್ ನಾನು ಬಂದಿರೋದು."

ಸಿಸ್ಟರಿಗೆ ನಗು ಬಂದಿರಬೇಕು, ತಡೆದುಕೊಂಡಳು. "ಎದುರು ಮಾತಾಡ್ಬೇಡ. ಇಳಿ ಕೆಳಗೆ. ಇನ್ನೂ ಸಾಲಿದೆ."

ಗಂಜಿ ಇಳಿಯಲಿಲ್ಲ. ಮೇಜಿನ ಎರಡೂ ಅಂಚು ಹಿಡಿದುಕೊಂಡಳು. ಮುಂಗೈಯ ಸುಟ್ಟ ಗೆರೆಗಳು ಬಿಗಿದು ಬೆಳ್ಳಗಾದವು.

"ಇಳಿಯಮ್ಮ! ಬಿಟ್ಟಿ ಸಿಗುತ್ತೆ ಅಂದ್ರೆ ಸಾಕು, ಬಂದು ಮೇಜು ಹಿಡ್ಕೊಂಡು ಕೂತ್ಬಿಡ್ತೀರ. ದುಡ್ಡು ಕೊಟ್ಟು ಮಾಡಿಸ್ಕೊಳ್ಳೋ ಜಾಗದಲ್ಲಿ ಹಿಂಗೆ ಹಟ ಮಾಡ್ತೀರಾ?"

"ಬಿಟ್ಟಿನಾ ಸಿಸ್ಟರ್?" ಅಂದಳು ಗಂಜಿ. ಕೂಗಲಿಲ್ಲ. "ಇದಕ್ಕೆ ಅಂತ ಇವತ್ತು ನನ್ನ ಕೆಲಸ ಕೊಟ್ಟೆ. ಅಕ್ಕ ಅಂತ ಒಬ್ಬಳಿದ್ಲು, ಅವಳನ್ನ ಕೊಟ್ಟೆ. ಬೀದೀಲಿ ನನ್ನ ಮಾನ ಕೊಟ್ಟೆ, ಶೆಡ್ಡಲ್ಲಿ ಉಳಿದಿದ್ದೂ ಕೊಟ್ಟೆ. ಇದಕ್ಕಿಂತ ದುಬಾರಿ ಸಾಮಾನು ಹುಟ್ಟಿದಾಗಿಂದ ನಾನು ಕೊಂಡಿಲ್ಲ. ಪೂರ್ತಿ ಕೊಟ್ಟಾಗಿದೆ, ಬಾಕಿ ಏನೂ ಇಲ್ಲ. ಹೋಗಿ ಕೈ ತೊಳ್ಕೊಂಡು ಬನ್ನಿ."

ಸಿಸ್ಟರ್ ಬಾಗಿಲ ಕಡೆ ನೋಡಿದಳು, ಸಾಲಿನ ಕಡೆ ನೋಡಿದಳು. ಆಮೇಲೆ ಮೂಲೆಗೆ ಹೋಗಿ ನಲ್ಲಿ ತಿರುಗಿಸಿದಳು.